ಜೀಪು ಸೋರಿದ ಬಗೆ

ಮನೆಯ ಮಾಳಿಗೆ ಸೋರಿದರೆ ಕೆಳಗೊಂದು ಬಕೀಟು ಇಟ್ಟು ಸುಮ್ಮನಾಗುತ್ತೇವೆ. ಗಾಡಿ ಸೋರಿದರೆ ಮಾತ್ರ ಹಾಗಲ್ಲ, ಯಾರ ತಲೆಯ ಮೇಲಾದರೂ ತಪ್ಪು ಹೊರಿಸಲೇಬೇಕು. 1996ರಲ್ಲಿ ಪುಣೆಯ ಸದಾಶಿವ ಪೇಠೆಯಲ್ಲಿ ನಮ್ಮ ಮಾಮಾನ ಜೀಪು ಸೋರತೊಡಗಿದಾಗ ಆ ತಪ್ಪು ಹೋಗಿ ಕೂತದ್ದು ಇಂಡಿ ತಾಲೂಕಿನಿಂದ ದುಡಿಯಲು ಬಂದಿದ್ದ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ತಲೆಯ ಮೇಲೆ.

ಮಾಮಾನದು ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಾಗಿ ನಮ್ಮಂಥ ಕನ್ನಡದ ಹುಡುಗರು ಸಾಲುಗಟ್ಟುವ ಜಾಗ. ನಸುಕಿನಲ್ಲಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಕಾಯಿಪಲ್ಯ ತರಲಿಕ್ಕೆ ಒಂದು ಹಳೆಯ ಮಹೀಂದ್ರಾ ಜೀಪು. ಹುಟ್ಟಿನಿಂದ ಅದು ಪೆಟ್ರೋಲ್ ಗಾಡಿ. ವಿಲ್ಲಿಸ್ ಕಂಪನಿಯ ನಮೂನೆಯ ಹರಿಕೇನ್ ಇಂಜಿನ್ನು, ನಾಲ್ಕು ಸಿಲಿಂಡರು, 2.2 ಲೀಟರು. ಅದು ಕುಡಿಯುತ್ತಿದ್ದ ಪೆಟ್ರೋಲಿನ ಮುಂದೆ ಖಾನಾವಳಿಯ ತಿಂಗಳ ಮೆಂಬರುಗಳ ಹಸಿವೂ ಸಣ್ಣದು! ಡೀಸೆಲ್ ಅಗ್ಗವಾಗಿದ್ದ ಕಾಲ ಅದು. ಊರ ತುಂಬ ಜನ ಗಾಡಿಗಳ ಹೊಟ್ಟೆ ಸೀಳಿ ಡೀಸೆಲ್ ಇಂಜಿನ್ನು ಕೂಡ್ರಿಸುತ್ತಿದ್ದರು. ಮಾಮಾನೂ ಅಪಘಾತಕ್ಕೆ ಸಿಕ್ಕ ಎಂಎಂ 540 ಜೀಪಿನ ಡೀಸೆಲ್ ಇಂಜಿನ್ನು ಹಿಡಿದು ತಂದ. ಪ್ಯೂಜೋ ಕಂಪನಿಯ ಪರವಾನಗಿಯಿಂದ ಮಹೀಂದ್ರಾದವರು ತಯಾರಿಸುತ್ತಿದ್ದ 2112 ಸಿಸಿಯ ಇಂಜಿನ್ನು ಅದು. (1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಜಿನ್ನು ಬದಲಿಸಿದರೆ ಆರ್‌ಟಿಓಗೆ ತಿಳಿಸಿ ಪುಸ್ತಕದಲ್ಲಿ ಬರೆಸಬೇಕು. ಮಾಮಾ ಬರೆಸಿದ್ದ. ಲೆಕ್ಕದಲ್ಲಿ ಆತ ಮಹಾ ಕಟ್ಟುನಿಟ್ಟು.)

ಇಂಜಿನ್ನು ಕೂಡ್ರಿಸಿದವನು ಈ ಹುಡುಗ, ಮೇಸ್ತ್ರಿಯ ಕೈಕೆಳಗೆ. ಎರಡೇ ವಾರಕ್ಕೆ ಖಾನಾವಳಿಯ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಕರೀ ಮಡು ನಿಂತಿತು. ಇಂಜಿನ್ನಿನ ಹಿಂಬದಿಯ ಸೀಲು ಸರಿಯಾಗಿ ಕೂತಿಲ್ಲವೆಂದು ಮೇಸ್ತ್ರಿ ತೀರ್ಪು ಕೊಟ್ಟ. ಸೀಲಿನ ಬೆಲೆ ಎಷ್ಟು ಮಹಾ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸು, ಕ್ಲಚ್ಚು, ಫ್ಲೈವ್ಹೀಲು ಎಲ್ಲ ಇಳಿಸಬೇಕು. ಇಳಿಸಿ ಹಾಕಿದರು, ಮತ್ತೆ ಸೋರಿತು. ಮತ್ತೆ ಇಳಿಸಿದರು, ಮತ್ತೆ ಸೋರಿತು. ಎರಡೂ ಸಲದ ಖರ್ಚನ್ನು ಮೇಸ್ತ್ರಿ ಹುಡುಗನ ಪಗಾರದಲ್ಲಿ ಮುರಿದುಕೊಂಡ. ಮೂರನೆಯ ಸಲವಾದರೆ ಊರಿಗೆ ಹೋಗು ಅಂದ. ಊರಲ್ಲಿ ಏನಿತ್ತು? ಆ ವರ್ಷ ಮಳೆಯೂ ಇರಲಿಲ್ಲ.

ನಾನು ಆಗ ಇಂಜಿನಿಯರಿಂಗ್ ಮೂರನೆಯ ವರ್ಷ. "ಓದೀಯಲ್ಲೋ, ನೋಡಿ ಹೇಳು" ಅಂತ ಮಾಮಾ ಪುಕ್ಕಟೆ ಕೆಲಸಕ್ಕೆ ಹಚ್ಚಿದ.

ಸೋರುವುದು ಏನೆಂಬುದು ಮೊದಲನೆಯ ಪ್ರಶ್ನೆ. ಮೂಗು, ಬೆರಳು ಇದ್ದರೆ ಸಾಕು. ಗೇರ್ ಆಯಿಲು ದಪ್ಪ, ಗಂಧಕದ ಕೆಟ್ಟ ನಾತ. ಬ್ರೇಕ್ ಆಯಿಲು ನೀರಿನಂತೆ ತೆಳು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ಅದಾಗಿದ್ದರೆ ಆ ಜೀಪಿನಲ್ಲಿ ಕಾತ್ರಜ ಘಾಟು ಇಳಿಯುವವನ ದೇವರೇ ಗತಿ. ಡೀಸೆಲ್ಲಿನ ವಾಸನೆಯನ್ನಂತೂ ಕುರುಡನೂ ಹೇಳಿಯಾನು. ಇದು ಕರಿ, ಸುಟ್ಟ ವಾಸನೆ: ಇಂಜಿನ್ ಆಯಿಲು.

ಎಲ್ಲಿಂದ ಎಂಬುದು ಎರಡನೆಯದು. ಹನಿ ಬೀಳುವ ಜಾಗ ಹನಿ ಹುಟ್ಟುವ ಜಾಗವಲ್ಲ. ಓಡುವ ಗಾಡಿಯ ಗಾಳಿ ಆಯಿಲನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಸೀಮೆಎಣ್ಣೆಯಿಂದ ಅಡಿಭಾಗವನ್ನೆಲ್ಲ ತೊಳೆದು, ಒಣಗಿಸಿ, ಕ್ಲಾಸಿನಿಂದ ಎತ್ತಿ ತಂದ ಚಾಕ್‌ಪೀಸಿನ ಪುಡಿ ಉದುರಿಸಿದೆವು. ಸ್ವಾರಗೇಟಿಗೆ ಹೋಗಿ ಬಂದು ನೋಡಿದರೆ ಕ್ಲಚ್ ಹೌಸಿಂಗಿನ ಕೆಳಗಿನ ಸಂದಿಯಲ್ಲಿ ಒಂದೇ ಕರೀ ಗೆರೆ. ಉಳಿದೆಡೆ ಪುಡಿ ಬೆಳ್ಳಗೇ ಇತ್ತು. ಅಂದರೆ ಸೋರುವುದು ಸೀಲೇ. ಮೇಸ್ತ್ರಿ ಮೀಸೆ ತಿರುವಿದ. ಹುಡುಗ ನೆಲ ನೋಡಿದ.

ಆದರೆ ಯಾವಾಗ ಎಂಬ ಮೂರನೆಯ ಪ್ರಶ್ನೆ ಉಳಿದಿತ್ತು. ಮಾಮಾನ ಮಗಳು ಜೀಪಿನ ಕೆಳಗೆ ದಿನಾ ರಾತ್ರಿ ಒಂದು 'ಸಕಾಳ' ಪತ್ರಿಕೆ ಹಾಸಿ ಮುಂಜಾನೆ ತೆಗೆದಿಟ್ಟಿದ್ದಳು. ಅಂಗಳ ಒರೆಸುವ ಕೆಲಸ ಅವಳದಾಗಿತ್ತು, ಅದಕ್ಕೆ. ಮಾರ್ಕೆಟ್ ಯಾರ್ಡಿಗೆ ಹೋದ ದಿನ ಎಂಟಾಣೆಯಗಲದ ಕಲೆ. ಸಾತಾರಾಕ್ಕೆ ಹೋಗಿ ಬಂದ ದಿನ ಅಂಗೈಯಗಲ. ಯಾರೋ ಬೀಗರನ್ನು ಸಿಂಹಗಡ ಹತ್ತಿಸಿದ ದಿನ ಪುಟ ಪೂರ್ತಿ ಕಪ್ಪು! ಕೆಟ್ಟ ಸೀಲಿಗೆ ಸಿಂಹಗಡವಾದರೇನು, ಸ್ವಾರಗೇಟಾದರೇನು?

ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ, ಘಾಟು ಹತ್ತುವಾಗ ಬೇರೆ ಏನಾದರೂ ಕಂಡೀಯೇನು ಅಂತ.

"ಆಯಿಲ್ ನೋಡೂ ಕಡ್ಡಿ ತಾನs ಮ್ಯಾಲ ಏಳತೈತ್ರೀ ಸರ. ನಾ ಒತ್ತಿ ಒತ್ತಿ ಇಡತೀನಿ. ಮೇಸ್ತ್ರಿಗೆ ಹೇಳೀನ್ರಿ, ಸೀಲ್ ಹಾಕಾಕ ಬರೂದಿಲ್ಲ, ಶಾಣ್ಯಾತನ ಮಾಡತೀ ಏನು ಅಂದ್ರು."

ಇಂಜಿನ್ನು ಚಾಲೂ ಮಾಡಿ ಆಯಿಲ್ ತುಂಬುವ ಮುಚ್ಚಳ ಬಿಚ್ಚಿದೆವು. ಮುಚ್ಚಿಟ್ಟ ಗಡಿಗೆಯ ಹಬೆಯಂತೆ ಹೊಗೆ ಬುಸ್ ಅಂತ ಎದ್ದಿತು. ಪಿಸ್ಟನ್ನಿನ ಅಂಚಿನಿಂದ ಎಲ್ಲ ಇಂಜಿನ್ನಿನಲ್ಲೂ ಸ್ವಲ್ಪ ಹೊಗೆ ಕೆಳಗೆ ನುಸುಳುತ್ತದೆ, ಏರಿನಲ್ಲಿ ಇನ್ನಷ್ಟು. ಹೊರಹೋಗಲಿಕ್ಕೆ ಅದಕ್ಕೊಂದು ಉಸಿರುಗೊಳವೆ ಬೇಕು. ಹಳೆಯ ಗಾಡಿಗಳಲ್ಲಿ ಅದು ನೇರ ರಸ್ತೆಗೇ ಬಿಡುತ್ತಿತ್ತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಆ ಹೊಗೆಯನ್ನು ಮತ್ತೆ ಇಂಜಿನ್ನಿಗೇ ಉಣಿಸಬೇಕೆಂದು ಕಟ್ಟಳೆ ಮಾಡಿದರು. ನಮ್ಮ ಜೀಪಿನಲ್ಲಿ ಆ ಗೊಳವೆ ಎಲ್ಲಿ? ಹುಡುಕಿದರೆ ಬ್ಯಾಟರಿಯ ಹಿಂದೆ. ಡೀಸೆಲ್ ಇಂಜಿನ್ನಿಗೆಂದು ದೊಡ್ಡ ಬ್ಯಾಟರಿ ತಂದು, ಅದಕ್ಕೆ ಜಾಗ ಸಾಲದೆ ತಟ್ಟೆಯನ್ನು ಒಳಕ್ಕೆ ಸರಿಸಿ ವೆಲ್ಡಿಂಗ್ ಮಾಡಿದ್ದರು. ರಬ್ಬರ್ ಗೊಳವೆ ಅದರಡಿ ಎರಡು ಮಡಿಕೆಯಾಗಿ ಸಿಕ್ಕಿಕೊಂಡಿತ್ತು. ಉಸಿರು ಕಟ್ಟಿದ ಇಂಜಿನ್ನು ಸಿಕ್ಕ ದಾರಿಯಲ್ಲಿ ಆಯಿಲು ಕಾರುತ್ತಿತ್ತು. ಜೀಪಿನ ಪುಸ್ತಕದಲ್ಲಿ ಪೆಟ್ರೋಲ್ ಇಂಜಿನ್ನಿನ ಚಿತ್ರವಿದೆ, ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಜೀಪಿನ ಚಿತ್ರ. ಇವೆರಡನ್ನೂ ಕೂಡಿಸಿದ ಜಾಗದ ಚಿತ್ರ ಯಾವ ಪುಸ್ತಕದಲ್ಲೂ ಇಲ್ಲ.

ತಟ್ಟೆ ವೆಲ್ಡಿಂಗ್ ಮಾಡಿದವನು ಹುಡುಗನಲ್ಲ. ಸ್ವತಃ ಮೇಸ್ತ್ರಿ.

ನಾನಾ ಪೇಠೆಯಿಂದ ಒಂದೂವರೆ ಅಡಿ ಹೊಸ ಗೊಳವೆ ತಂದು ಬೇರೆ ದಾರಿಯಲ್ಲಿ ಹಾಯಿಸಿದೆವು. ಮರುದಿನ ಮೂವರೂ ಸಿಂಹಗಡಕ್ಕೆ ಹೋದೆವು. ಮೇಲೆ ಪಿಠಲೆ ಭಾಕರಿ ತಿಂದು ಬಂದು, ರಾತ್ರಿ 'ಸಕಾಳ' ಹಾಸಿ ಮಲಗಿದೆವು. ಬೆಳಿಗ್ಗೆ ಒಂದೇ ಒಂದು ಹನಿ. ಅದು ಹೌಸಿಂಗಿನ ಒಳಗೆ ಮೊದಲಿನಿಂದ ಉಳಿದದ್ದು ಅಂದ ಹುಡುಗ. ಅದರ ಮರುದಿನ ಅದೂ ಇಲ್ಲ.

ಮಾಮಾ ಏಳೂ ಪತ್ರಿಕೆಗಳನ್ನು ಸುರುಳಿ ಸುತ್ತಿ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಮೇಜಿನ ಮೇಲೆ ಒಂದೊಂದಾಗಿ ಹರವಿದ. ಜಗಳವನ್ನೇನೂ ಆಡಲಿಲ್ಲ. ಹುಡುಗನ ಮುರಿದ ಪಗಾರದ ಲೆಕ್ಕ ಮಾತ್ರ ಕೇಳಿದ. ಮೇಸ್ತ್ರಿ ಒಂದು ಸೀಲಿನ ದುಡ್ಡು ಎಣಿಸಿ ಕೊಟ್ಟ. ಎರಡನೆಯದಕ್ಕೆ ದೀಪಾವಳಿ ತನಕ ಕಾಯಬೇಕಾಯಿತು.