ಗಿಡ್ಡ ಮನೆಯ ಗುಂಡಮ್ಮ

ನಮ್ಮ ಕಡೆಯ ಮನೆಗಳಲ್ಲಿ ಜೇಡಕ್ಕೂ ಮನುಷ್ಯನಿಗೂ ನಡೆಯುವ ವ್ಯವಹಾರವೆಲ್ಲ ಉದ್ದ ಹಿಡಿಯ ಪೊರಕೆಯ ಮೂಲಕವೇ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಬೀಗರು ಬರುತ್ತಾರೆಂದರೆ ಇನ್ನೊಮ್ಮೆ ಬಲೆ ಹೊಡೆಯುತ್ತೇವೆ. ನಾವು ಪೊರಕೆ ಮೂಲೆಗಿಡುವಷ್ಟರಲ್ಲಿ ಅದು ಮತ್ತೆ ಕಟ್ಟಲು ಕೂತಿರುತ್ತದೆ. ಈ ಸಂಸ್ಕಾರದಲ್ಲಿ ಬೆಳೆದ ನಾನೂ ನನ್ನ ಹೆಂಡತಿಯೂ ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಹೋದರೆ, ಮೊಮ್ಮಗನ ಓದುವ ಮೇಜಿನ ಮೇಲೆ, ಪುಸ್ತಕ ಇರಬೇಕಾದ ಜಾಗದಲ್ಲಿ, ಅಂಗೈಯಗಲದ ಜೇಡವೊಂದು ಸ್ವಂತ ಮನೆ ಮಾಡಿಕೊಂಡು ಕೂತಿತ್ತು. ಹೆಸರು ಗುಂಡಮ್ಮ. ಹೆಸರಿಟ್ಟವಳು ಮಗಳು, ಅದಕ್ಕೆ ಸ್ಫೂರ್ತಿ ಯಾರೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಗುಂಡಮ್ಮ ಟರಾಂಟುಲಾ ಕುಲದವಳು. ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಇವಳದು ಮಧ್ಯ ಅಮೆರಿಕದ ಕರ್ಲಿ ಹೇರ್ ಜಾತಿ. ಮೈತುಂಬ ಗುಂಗುರು ಕೂದಲು, ಸ್ವಭಾವ ನಿಧಾನ, ಹೊಸಬರು ಸಾಕಲು ತಕ್ಕವಳು ಎಂದು ಬಲ್ಲವರು ಸರ್ಟಿಫಿಕೇಟು ಕೊಟ್ಟಿದ್ದಾರೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷವೂ ಬಾಳುವುದು ಕಷ್ಟ. ಹೆಣ್ಣಾದರೋ 20 ವರ್ಷ ಆರಾಮಾಗಿ ಇರಬಲ್ಲದು. ಮೊಮ್ಮಗ ಕಾಲೇಜು ಸೇರಿ, ಕೆಲಸ ಹಿಡಿದು ಇನ್ನೊಂದು ಊರಿಗೆ ಹೋದ ಮೇಲೂ ಇವಳ ಪಾಲನೆ ಮಗಳ ತಲೆಗೇ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಮಗಳು ಮಾತು ಬದಲಿಸಿದಳು.

ನನ್ನ ಹೆಂಡತಿಗೆ ಮೊದಲ ದಿನ ಭಯ, ಎರಡನೆಯ ದಿನ ಕನಿಕರ. "ಪಾಪ, ಇಷ್ಟು ಪುಟ್ಟ ಡಬ್ಬಿಯಲ್ಲಿ ಹೇಗಿರುತ್ತೆ ರೀ? ಇನ್ನೊಂದು ಸ್ವಲ್ಪ ಎತ್ತರದ್ದು ಕೊಡಿಸಬಾರದಾ?" ಎಂದು ಶುರುಮಾಡಿದಳು. ಮೊಮ್ಮಗ ಸ್ಕೇಲು ತಂದ. ಕಾಲು ಚಾಚಿದರೆ ಗುಂಡಮ್ಮ 5 ಇಂಚು. ಡಬ್ಬಿಯ ಉದ್ದ ಅದರ ಮೂರರಷ್ಟು, ಅಗಲ ಎರಡರಷ್ಟು ಇದ್ದರೆ ಧಾರಾಳ. ಎತ್ತರ ಮಾತ್ರ ಮಣ್ಣಿನಿಂದ ಮುಚ್ಚಳಕ್ಕೆ ಏಳೆಂಟು ಇಂಚು ದಾಟಕೂಡದು. ಇವಳು ನೆಲದ ಜೇಡ. ಆದರೂ ರಾತ್ರಿ ಹೊತ್ತು ಗೋಡೆ ಹತ್ತುವ ಚಪಲ ಇದೆ, ಹತ್ತಿದ ಮೇಲೆ ಜಾರುವ ಅಭ್ಯಾಸವೂ ಇದೆ. ಹೊಟ್ಟೆಯ ಚರ್ಮ ಬಲು ತೆಳು. ಒಂದಡಿಯಿಂದ ಬಿದ್ದರೂ ಒಡೆಯಬಹುದು. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಆ ದ್ರವ ಸೋರಿಹೋದರೆ ಕಾಲು ಮುದುಡಿ ಕಥೆ ಮುಗಿದಂತೆಯೇ. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಆರು ಅಂಕಣದ ಮನೆಗೆ ಮಾತ್ರ ಅನ್ವಯಿಸಿಕೊಂಡಿದ್ದ ನನಗೆ, ಕಿರಿದಾಗಿ ಕಟ್ಟುವುದಕ್ಕೂ ಇಷ್ಟು ಶಾಸ್ತ್ರ ಬೇಕೆಂದು ಗೊತ್ತಿರಲಿಲ್ಲ.

ಆ ಏಳೆಂಟು ಇಂಚಿನ ಕೆಳಗೆ ಅರ್ಧ ಗೇಣಿಗೂ ಮಿಕ್ಕಿ ಕೊಕೊಪೀಟ್ ಹಾಸಿ ಒತ್ತಿದ್ದರು. ನಮ್ಮ ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ತೆಗೆದ ಮೇಲೆ ಬೀಳುವ ಅದೇ ಪುಡಿ; ಇಲ್ಲಿ ಇಟ್ಟಿಗೆಯ ಆಕಾರದಲ್ಲಿ ಡಾಲರಿಗೆ ಸಿಗುತ್ತದೆ. ಒಂದು ಮೂಲೆಯಲ್ಲಿ ಬೋರಲು ಹಾಕಿದ ಮರದ ತೊಗಟೆ. ಅದು ಅವಳ ಕೋಣೆ. ಅಡಗಲು ಜಾಗವಿಲ್ಲದ ಜೇಡಕ್ಕೆ ನೆಮ್ಮದಿಯಿಲ್ಲ. ಅಲಂಕಾರಕ್ಕೆಂದು ಚೂಪು ಕಲ್ಲು, ಕಳ್ಳಿಗಿಡ ಇಡುವಂತಿಲ್ಲ, ಬಿದ್ದರೆ ಚುಚ್ಚುತ್ತದೆ. ಇನ್ನೊಂದು ಮೂಲೆಯಲ್ಲಿ ಬಾಟಲಿ ಮುಚ್ಚಳದಷ್ಟು ಆಳವಿಲ್ಲದ ನೀರಿನ ಬಟ್ಟಲು. ಸ್ಪಂಜು ಹಾಕಿದರೆ ಅದು ಕೊಳೆತು ರೋಗಾಣುಗಳ ತವರಾಗುತ್ತದೆಂದು ಬರೀ ನೀರು. ಮೊಮ್ಮಗ ಬೆಳಿಗ್ಗೆ ಬಟ್ಟಲು ತೊಳೆದು ತುಂಬಿಸುತ್ತಿದ್ದ. ರಾತ್ರಿ ಗುಂಡಮ್ಮ ಮುಂಗಾಲುಗಳಲ್ಲಿ ಪುಡಿ ಬಾಚಿ ತಂದು ಅದನ್ನು ಮುಚ್ಚುತ್ತಿದ್ದಳು. ಇಬ್ಬರಿಗೂ ಬೇಸರವಿಲ್ಲ.

ಮುಚ್ಚಳದ ಶಾಸ್ತ್ರ ಬೇರೆ. ಗಾಳಿಯಾಡಲೆಂದು ಅಂಗಡಿಯವರು ತಂತಿ ಬಲೆಯ ಮುಚ್ಚಳ ಕೊಡುತ್ತಾರೆ. ಜೇಡದ ಕಾಲತುದಿಯ ಉಗುರು ಆ ಕಣ್ಣುಗಳಲ್ಲಿ ಸಿಕ್ಕಿಕೊಂಡರೆ ಅದು ತಲೆಕೆಳಗಾಗಿ ತೂಗಾಡುತ್ತದೆ. ಕಾಲು ಕಿತ್ತುಕೊಂಡರೂ ಕಿತ್ತುಕೊಂಡಿತು. ಅದಕ್ಕೇ ಅಕ್ರಿಲಿಕ್ ಹಾಳೆಗೆ ಸಣ್ಣ ತೂತು ಕೊರೆದ ಮುಚ್ಚಳ, ಎದುರುಬದುರು ಗೋಡೆಗಳಲ್ಲೂ ತೂತು. ಗಾಳಿ ಆಚೀಚೆ ಆಡದಿದ್ದರೆ ಒಳಗೆ ಬೂಷ್ಟು ಬರುತ್ತದೆ. ತೂತಂತೂ ಅದರ ತಲೆಭಾಗಕ್ಕಿಂತ ಚಿಕ್ಕದಿರಲೇಬೇಕು. ತಲೆ ನುಸುಳಿದರೆ ಮಿಕ್ಕ ಮೈ ಹಿಂದೆ ಬರುವ ಉಪಾಯ ಜೇಡಕ್ಕೆ ಗೊತ್ತು. ಮುಚ್ಚಳಕ್ಕೆ ಚಿಲಕ ಕಡ್ಡಾಯ. ಮನೆಯಲ್ಲಿ ಬೆಕ್ಕೋ ಪುಟ್ಟ ಮಕ್ಕಳೋ ಇದ್ದರೆ ಬೀಗವೂ ಆದೀತು. ಒಂದು ಡಬ್ಬಿಗೆ ಒಂದೇ ಜೇಡ. ಜೊತೆಗಾರನೆಂದು ಇನ್ನೊಂದನ್ನು ಬಿಟ್ಟರೆ ಬೆಳಗಾಗುವುದರಲ್ಲಿ ಮತ್ತೆ ಒಂದೇ ಉಳಿದಿರುತ್ತದೆ.

ಚಳಿ ಬಂತೆಂದು ಡಬ್ಬಿಯ ಕೆಳಗೆ ಬಿಸಿ ಹಾಸು ಇಡುವುದು ಹೊಸಬರ ಇನ್ನೊಂದು ಉಪಚಾರ. ಕಾಡಿನಲ್ಲಿ ಬಿಸಿಲಿನ ಝಳ ತಪ್ಪಿಸಿಕೊಳ್ಳಲು ಜೇಡ ಕೆಳಕ್ಕೆ ತೋಡುತ್ತದೆ. ಇಲ್ಲಿ ತೋಡಿದಷ್ಟೂ ಬೆಂಕಿಗೆ ಹತ್ತಿರ. ನಾವು ಹಾಯಾಗಿ ಕೂರುವ ಕೋಣೆ ಅದಕ್ಕೂ ಸಾಕು. ಅದಕ್ಕಿಂತ ದೊಡ್ಡ ಅಪಾಯ ಸ್ಪ್ರೇಗಳದ್ದು. ಜಿರಳೆ ಸಾಯಿಸುವ ಔಷಧ, ಸೊಳ್ಳೆ ಬತ್ತಿ, ನಾಯಿಯ ಚಿಗಟಕ್ಕೆ ಹಚ್ಚುವ ಎಣ್ಣೆ, ಇವುಗಳ ಪಾಲಿಗೆ ಕಾಟ ಕೊಡುವ ಕೀಟವೂ ಸಾಕಿದ ಜೇಡವೂ ಒಂದೇ. ಇವುಗಳನ್ನು ಬಳಸುವ ಕೋಣೆಯಲ್ಲಿ ಡಬ್ಬಿ ಇರಕೂಡದು.

ಗುಂಡಮ್ಮನ ಊಟ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಒಂದು ಜಿರಳೆ. ಜೀವಮಾನವಿಡೀ ಚಪ್ಪಲಿ ಹಿಡಿದು ಜಿರಳೆಯ ಹಿಂದೆ ಓಡಿದ ನನ್ನ ಹೆಂಡತಿ, ಅಂಗಡಿಯಲ್ಲಿ ಅಳಿಯ ಜಿರಳೆಗೆ ಕಾರ್ಡು ಉಜ್ಜಿದ್ದನ್ನು ಕಂಡು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಬೇಟೆ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ತಿನ್ನದಿದ್ದರೆ ಮರುದಿನವೇ ತೆಗೆಯಬೇಕು. ಇದಕ್ಕೆ ಕಾರಣ ಒಂದು ಬೆಳಿಗ್ಗೆ ಕಣ್ಣಿಗೇ ಬಿತ್ತು. ಗುಂಡಮ್ಮ ನೂಲು ಹಾಸಿಕೊಂಡು ಅಂಗಾತ ಮಲಗಿದ್ದಳು, ಎಂಟೂ ಕಾಲು ಮೇಲಕ್ಕೆ. "ಹೋಯ್ತಲ್ಲೋ ಪುಟ್ಟಾ" ಎಂದು ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡಳು. "ಅಜ್ಜಿ, ಸತ್ತ ಜೇಡ ಹೀಗೆ ಮಲಗಲ್ಲ, ಕಾಲು ಅಡಿಗೆ ಮಡಚಿಕೊಂಡು ಕೂತುಬಿಡುತ್ತೆ. ಇವಳು ಪೊರೆ ಬಿಡ್ತಿದ್ದಾಳೆ. ಮುಟ್ಟಬೇಡಿ, ಮೇಜು ಅಲ್ಲಾಡಿಸಬೇಡಿ" ಎಂದ ಮೊಮ್ಮಗ. ನಾವು ಕುರ್ಚಿ ಹಾಕಿಕೊಂಡು ಕೂತೆವು. ಬೆನ್ನಿನ ಚಿಪ್ಪು ಒಂದು ಬದಿಯಿಂದ ಬಿಟ್ಟುಕೊಂಡಿತು. ಆಮೇಲೆ ಒಂದೊಂದೇ ಕಾಲು ಹಳೆಯ ಕಾಲಿನಿಂದ ಎಳೆದೆಳೆದು ಹೊರಬಂತು. ಹೊಸ ಕೋರೆಹಲ್ಲು ಹಾಲಿನಷ್ಟು ಬೆಳ್ಳಗಿತ್ತು. ಅದು ಕೆಂಪಾಗಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಊಟವಿಲ್ಲ. ಮೈ ಮೆತ್ತಗಿರುವ ಆ ಹೊತ್ತಿನಲ್ಲಿ ಒಳಗೊಂದು ಮಿಡತೆ ಉಳಿದಿದ್ದರೆ ಸಾಕು, ಬೇಟೆಯೇ ಬೇಟೆಗಾರಳನ್ನು ಕಚ್ಚಿ ತಿನ್ನಬಹುದು.

ಅಷ್ಟು ಸಾಧುವಾದರೆ ಕೈಮೇಲೆ ಬಿಟ್ಟುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಕೈಯಿಂದ ಜಿಗಿದರೆ ಬೀಳುವುದು ಅದೇ ಒಂದಡಿಗೂ ಹೆಚ್ಚಿನ ಎತ್ತರದಿಂದ. ನಮಗಿರುವ ಅಪಾಯ ಅದರ ಹೊಟ್ಟೆಯ ಮೇಲಿನ ಸಣ್ಣ ಕೂದಲು. ಕೆಣಕಿದರೆ ಹಿಂಗಾಲಿನಿಂದ ಉಜ್ಜಿ ಅವನ್ನು ಗಾಳಿಗೆ ತೂರುತ್ತದೆ. ಚರ್ಮಕ್ಕೆ ತಾಗಿದರೆ ನವೆ. ಕಣ್ಣಿಗೆ ಹೊಕ್ಕರೆ ಡಾಕ್ಟರೇ ಗತಿ. ಆದ್ದರಿಂದ ಡಬ್ಬಿ ಶುಚಿ ಮಾಡಲು ಉದ್ದನೆಯ ಚಿಮುಟ, ಜರುಗಿಸಲು ಮೆತ್ತನೆ ಕುಂಚ, ಹಿಡಿಯಲು ಪ್ಲಾಸ್ಟಿಕ್ ಲೋಟ ಮತ್ತು ರಟ್ಟು. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈತೊಳೆದೇ ಮುಖ ಮುಟ್ಟಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು ಇದು: ಈ ಪ್ರಾಣಿಗೆ ಕೇಡು ಬರುವುದು ನಮ್ಮ ಅಲಕ್ಷ್ಯಕ್ಕಿಂತ ಹೆಚ್ಚಾಗಿ ನಮ್ಮ ಅತಿ ಉಪಚಾರದಿಂದ. ಎತ್ತರದ ಮನೆ, ಬೆಚ್ಚನೆ ಹಾಸು, ಹೊಟ್ಟೆ ತುಂಬ ಊಟ, ಮೈದಡವುವ ಕೈ, ಇವು ನಮ್ಮ ಪ್ರೀತಿಯ ನಾಲ್ಕು ಗುರುತು. ಗುಂಡಮ್ಮನಿಗೆ ನಾಲ್ಕೂ ಬೇಡ. ಬೀಗರ ಮನೆಯಲ್ಲಿ "ಇನ್ನೊಂದು ಹೋಳಿಗೆ" ಎಂದು ಬಲವಂತ ಮಾಡಿ ಅಭ್ಯಾಸವಾದ ನಮ್ಮಂಥವರಿಗೆ ಇದು ಕಠಿಣವಾದ ವ್ರತ.

ಊರಿಗೆ ಮರಳಿದ ಮೇಲೆ ಪರಿಚಯದ ಹುಡುಗರು ಕೇಳುತ್ತಾರೆ, ನಾವೂ ಒಂದು ಸಾಕಬಹುದಾ ಎಂದು. ನಮ್ಮಲ್ಲೂ ಟರಾಂಟುಲಾಗಳಿವೆ. ಬಳ್ಳಾರಿಗೆ ದೂರವೇನಲ್ಲದ ಆಂಧ್ರದ ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ನೀಲಿ ಜೇಡವನ್ನು ಪೊಕಾಕ್ ಎಂಬ ವಿಜ್ಞಾನಿ 1899ರಲ್ಲಿ ವರ್ಣಿಸಿದರು. ಮತ್ತೆ ಅದು ಕಣ್ಣಿಗೆ ಬಿದ್ದದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ. ಕೆಲವೇ ವರ್ಷಗಳಲ್ಲಿ ಅದರ ಸಂತಾನ ವಿದೇಶದ ಡಬ್ಬಿಗಳಲ್ಲಿತ್ತು. ಇಲ್ಲಿನ ಕಾಡಿನಲ್ಲಿ ಅಳಿವಿನಂಚಿಗೆ ಸರಿದಿತ್ತು. ಮರದ ಮೇಲಿರುವ ಆ ಜಾತಿಗೆ ತೂರುವ ಕೂದಲಿಲ್ಲ. ಬದಲಿಗೆ ಮಿಂಚಿನ ಓಟ ಮತ್ತು ಸ್ನಾಯು ಹಿಡಿಸುವ ವಿಷ ಇದೆ. ಹೊಸಬರಿಗೆ ಅದು ತಕ್ಕದ್ದಲ್ಲ. 2019ರಿಂದ ಅದರ ಇಡೀ ವರ್ಗ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಪಟ್ಟಿಯಲ್ಲಿದೆ. ಆ ಪಟ್ಟಿಯ ವಿದೇಶಿ ಜೀವಿಗಳನ್ನು ಮನೆಯಲ್ಲಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯೂ ಆಗಿದೆ.

ಸಾಕುವುದೇ ಆದರೆ ಸಾಕಿದ ಜೇಡಕ್ಕೆ ಹುಟ್ಟಿದ ಮರಿಯನ್ನು, ಕಾಗದಪತ್ರ ನೋಡಿ, ಡಬ್ಬಿ ಸಿದ್ಧ ಮಾಡಿಕೊಂಡ ಮೇಲೆ ತನ್ನಿ. ಪಶ್ಚಿಮ ಘಟ್ಟದ ರಸ್ತೆ ಬದಿಯ ಮಣ್ಣಿನ ದಿಬ್ಬದಲ್ಲಿ, ಬಿಲದ ಬಾಯಲ್ಲಿ ಕೂತ ಜೇಡ ಕಂಡರೆ ದೂರದಿಂದ ನೋಡಿ ಮುಂದೆ ಹೋಗಿ. ಅದರ ಮನೆಯನ್ನು ಅದೇ ಕಟ್ಟಿಕೊಂಡಿದೆ.