ಕಿಂಡಿ ಪುರಾಣ

ನಮ್ಮ ಹಿರಿಯರು ಮನುಷ್ಯನ ದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆಂದು ಕರೆದರು. ಬಾಗಿಲುಗಳು ಇಷ್ಟೊಂದು ಇರುವುದರಿಂದಲೇ ಒಳಗಿನ ಯಜಮಾನನಿಗೆ ನೆಮ್ಮದಿಯಿಲ್ಲವೆಂಬುದು ವೇದಾಂತಿಗಳ ದೂರು. ಈ ದೂರನ್ನು ಮನುಷ್ಯರಿಗಿಂತ ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಂಡವರು ಮೊಬೈಲ್ ತಯಾರಕರೆಂದು ಕಾಣುತ್ತದೆ. ಅವರು ತಮ್ಮ ಸೃಷ್ಟಿಯ ದ್ವಾರಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿದ್ದಾರೆ. ಮೊದಲು ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿ ಬದಲಾಯಿಸುವ ಸೌಕರ್ಯ ಹೋಯಿತು. ಅನಂತರ ಹಲವು ಫೋನುಗಳಲ್ಲಿ ಮೆಮೊರಿ ಕಾರ್ಡಿನ ಮನೆ ಮಾಯವಾಯಿತು. 2022ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಫೋನ್ 14ರಲ್ಲಿ ಸಿಮ್ ಇಡುವ ಗೂಡು ಕೂಡ ಇರಲಿಲ್ಲ. ಹೀಗೆಯೇ ಮುಂದುವರಿದರೆ ಫೋನು ಸರ್ವದ್ವಾರಗಳನ್ನೂ ಬಂಧಿಸಿಕೊಂಡು ಸಮಾಧಿಸ್ಥಿತಿಗೆ ಸೇರುವ ದಿನ ದೂರವಿಲ್ಲ. ಅದಕ್ಕೆ ಮೋಕ್ಷ ದೊರೆಯುವುದರಲ್ಲಿ ನನಗೆ ಅಸೂಯೆಯಿಲ್ಲ. ಆದರೆ ಆ ಮೋಕ್ಷದ ಖರ್ಚು ಬಳಸುವವರ ತಲೆಗೆ ಬರುತ್ತಿರುವುದರಿಂದ ನಾಲ್ಕು ಮಾತು ಬರೆಯಬೇಕಾಗಿದೆ.

ನಾನು ಹೇಳಹೊರಟಿರುವುದು ಆ ದ್ವಾರಗಳಲ್ಲಿ ಬಹು ಸಣ್ಣದಾದ ಒಂದರ ವಿಷಯ. ಇಯರ್‌ಫೋನಿನ ಪಿನ್ನು ಚುಚ್ಚುವ ದುಂಡನೆಯ ತೂತು ಅದು. ಅಂಗಡಿಯವರು ಜ್ಯಾಕ್ ಎನ್ನುತ್ತಾರೆ. ಅದರೊಳಗೆ ಹೋಗುವ ಪಿನ್ನಿನ ದಪ್ಪ 3.5 ಮಿಲಿಮೀಟರು. ನಮ್ಮ ಮನೆಯಲ್ಲಿ ಅದಕ್ಕೆ ಕಿಂಡಿ ಎಂದು ಹೆಸರು. ನನ್ನ ಹಳೆಯ ಫೋನು ಐದು ವರ್ಷ ದುಡಿದು, ಬ್ಯಾಟರಿ ಉಬ್ಬಿ, ಈ ಬೇಸಗೆಯಲ್ಲಿ ಕಣ್ಣು ಮುಚ್ಚಿತು. ಹೊಸದಕ್ಕೆಂದು ಕೈಯಲ್ಲಿದ್ದುದು, ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದೂ ಅಪ್ಪ ರಾಗಿ ಮಾರಿ ಕೊಟ್ಟದ್ದೂ ಸೇರಿ, 11,000 ರೂಪಾಯಿ. ಇಷ್ಟರಲ್ಲಿ ಕ್ಯಾಮೆರಾ ಹೇಗಿದ್ದರೂ ಸರಿ, ಬಣ್ಣ ಯಾವುದಾದರೂ ಸರಿ, ಕಿಂಡಿ ಮಾತ್ರ ಇರಲೇಬೇಕು ಎಂಬ ಒಂದೇ ಹಟ ಹಿಡಿದು ಪೇಟೆಗೆ ಹೋದೆ.

ಅಂಗಡಿಯ ಹುಡುಗ ನನ್ನನ್ನು ಮರುಕದಿಂದ ನೋಡಿದ. “ಜ್ಯಾಕ್ ಇರೋದಾ? ಅದೆಲ್ಲ ಈಗ ಯಾರೂ ಕೇಳಲ್ಲ ಅಕ್ಕ” ಎಂದ. ಆದರೂ ವ್ಯಾಪಾರ ಧರ್ಮವನ್ನು ಬಿಡದೆ, ಮೇಲಿನ ಸಾಲಿನಿಂದ 30,000 ರೂಪಾಯಿನ ಒಂದು ಫೋನನ್ನು ಇಳಿಸಿದ. ಅದರ ಬೆನ್ನಿನ ಮೇಲೆ ಸಾಕ್ಷಾತ್ ಮುಕ್ಕಣ್ಣನಂತೆ ಮೂರು ಕಣ್ಣುಗಳಿದ್ದವು; ಕಿಂಡಿ ಇರಲಿಲ್ಲ. ಅದರ ಕೆಳಗಿನ ಸಾಲಿನ 20,000ದ ಫೋನಿನಲ್ಲಿಯೂ ಇರಲಿಲ್ಲ. ಗಾಜಿನ ಪೆಟ್ಟಿಗೆಯ ಕಟ್ಟಕಡೆಯ ಸಾಲಿಗೆ, ಬಟನ್ ಫೋನುಗಳ ನೆರೆಗೆ, ಇಳಿದಾಗ ಕಿಂಡಿ ಕಣ್ಣಿಗೆ ಬಿತ್ತು. ಸಾಮಾನ್ಯವಾಗಿ ಹಣ ಹೆಚ್ಚು ಕೊಟ್ಟಂತೆ ಸೌಕರ್ಯ ಹೆಚ್ಚುತ್ತದೆ. ಇಲ್ಲಿ ಹಣ ಹೆಚ್ಚಿದಂತೆ ಒಂದು ಸೌಕರ್ಯ ಕಡಮೆಯಾಗುತ್ತದೆ. ಅರ್ಥಶಾಸ್ತ್ರ ನನ್ನ ಐಚ್ಛಿಕ ವಿಷಯಗಳಲ್ಲೊಂದಾದರೂ ಈ ವಿಚಿತ್ರಕ್ಕೆ ಒಡನೆಯೇ ಸಮಾಧಾನ ಹೊಳೆಯಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದು, “ನೋಡಮ್ಮ, ಕಿಂಡಿಗೋಸ್ಕರ ಒಳ್ಳೇ ಫೋನ್ ಬಿಡಬೇಡ. ಕನ್ವರ್ಟರ್ ಹಾಕ್ಕೊಂಡ್ರೆ ಆಯ್ತು” ಎಂದು ಹಲ್ಲಿಯ ಬಾಲದಂಥ ಒಂದು ತುಂಡು ತಂತಿಯನ್ನು ತೋರಿಸಿದರು. ಅದರ ಒಂದು ತುದಿ ಚಾರ್ಜರಿನ ಬಾಗಿಲಿಗೆ. ಇನ್ನೊಂದು ತುದಿಯಲ್ಲಿ ಕಿಂಡಿ. ಈ ಬಾಲಗಳಲ್ಲಿ ಎರಡು ಜಾತಿ. ಒಂದರೊಳಗೆ ಅಂಕಿಗಳನ್ನು ನಾದವಾಗಿ ಮಾರ್ಪಡಿಸುವ ಪುಟ್ಟ ಚಿಪ್ಪು ಇರುತ್ತದೆ. ಇನ್ನೊಂದರೊಳಗೆ ಬರಿಯ ತಂತಿ. ನಾದವನ್ನು ಫೋನೇ ಸಿದ್ಧಮಾಡಿ ಕೊಡಬೇಕು. ಎಲ್ಲ ಫೋನುಗಳೂ ಹಾಗೆ ಕೊಡುವುದಿಲ್ಲ. ಆದ್ದರಿಂದ ಒಬ್ಬರ ಬಾಲ ಇನ್ನೊಬ್ಬರ ಫೋನಿಗೆ ಸಿಕ್ಕಿಸಿದಾಗ ಮೌನವೇ ಉತ್ತರವಾಗುವುದುಂಟು. ಅದಿರಲಿ, ಬಾಲವನ್ನು ಸಿಕ್ಕಿಸಿಕೊಂಡರೆ ಚಾರ್ಜರಿಗೆ ಎಡೆಯಿಲ್ಲ. ಕೇಳುವಾಗ ಉಣ್ಣಬಾರದು, ಉಣ್ಣುವಾಗ ಕೇಳಬಾರದು ಎಂಬ ವ್ರತವನ್ನು ಫೋನಿಗೆ ವಿಧಿಸಿದಂತಾಗುತ್ತದೆ. ನಾನು ವಿನಯದಿಂದ ಬಾಲವನ್ನು ಹಿಂದಿರುಗಿಸಿದೆ.

ಇಷ್ಟಕ್ಕೂ ಈ ಕಿಂಡಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಟೆಲಿಫೋನ್ ಕಛೇರಿಗಳಲ್ಲಿ ಹಲಗೆಯ ತುಂಬ ಸಾಲುಸಾಲಾಗಿ ಕಿಂಡಿಗಳಿರುತ್ತಿದ್ದವು. ನಡುವೆ ಕುಳಿತವರು ಒಬ್ಬರ ತಂತಿಯನ್ನು ಇನ್ನೊಬ್ಬರ ಕಿಂಡಿಗೆ ಚುಚ್ಚಿ ಮಾತು ಕೂಡಿಸುತ್ತಿದ್ದರು. ಆ ಪಿನ್ನಿನ ದಪ್ಪ ಕಾಲು ಅಂಗುಲ. ಇಂದಿಗೂ ಎಲೆಕ್ಟ್ರಿಕ್ ಗಿಟಾರುಗಳಿಗೆ ಅದೇ ಅಳತೆ. ಅದರ ಕಿರಿಯ ತಮ್ಮನೇ ನಮ್ಮ 3.5 ಮಿಲಿಮೀಟರಿನವನು. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲದಲ್ಲಿ ಬಳಕೆಗೆ ಬಂದು, 1979ರಲ್ಲಿ ಸೋನಿಯವರ ವಾಕ್‌ಮನ್ನಿನೊಡನೆ ಲೋಕಸಂಚಾರ ಹೊರಟನು. ಆ ಮೊದಲ ವಾಕ್‌ಮನ್ನಿಗೆ ಒಂದಲ್ಲ, ಎರಡು ಕಿಂಡಿಗಳಿದ್ದವು. ಒಬ್ಬರೇ ಕೇಳಿದರೆ ಸಾಲದು, ಜೊತೆಗಿರುವವರಿಗೂ ಕೇಳಿಸಲಿ ಎಂದು ಅದನ್ನು ಮಾಡಿದವರ ಎಣಿಕೆ. ಎಂಥ ದೊಡ್ಡ ಮನಸ್ಸು!

ಈಗ ಆ ಮನಸ್ಸು ಸಂಕೋಚಗೊಂಡಿದೆ. 2016ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಕಿಂಡಿಯನ್ನು ತೆಗೆದುಹಾಕಿತು. ಅದಕ್ಕೆ ಮುಂಚೆ ತೆಗೆದವರು ಇಲ್ಲದಿಲ್ಲ. ಆದರೆ ದೊಡ್ಡ ಮನೆಯವರು ಮಾಡಿದ ಮೇಲೆ ಅದು ಸಂಪ್ರದಾಯವಾಯಿತು. ಏಕೆ ತೆಗೆದಿರಿ ಎಂಬುದಕ್ಕೆ ವೇದಿಕೆಯ ಮೇಲೆ ಆ ಕಂಪನಿಯ ಫಿಲ್ ಶಿಲ್ಲರ್ ಅವರು ಕೊಟ್ಟ ಕಾರಣಗಳಲ್ಲಿ ‘ಧೈರ್ಯ’ ಎಂಬುದೂ ಒಂದು. ಅದೇ ದಿನ, ಅದೇ ವೇದಿಕೆಯ ಮೇಲೆ, 159 ಡಾಲರಿನ ತಂತಿಯಿಲ್ಲದ ಏರ್‌ಪಾಡುಗಳನ್ನೂ ಪ್ರಕಟಿಸಿದರು. ಧೈರ್ಯಕ್ಕೆ ಹೀಗೆ ಕೈಯೊಡನೆ ಫಲ ದೊರೆಯುವುದು ಅಪೂರ್ವ. ಮರುತಿಂಗಳು ಬಂದ ಗೂಗಲಿನ ಪಿಕ್ಸೆಲ್, ತನ್ನಲ್ಲಿ ಕಿಂಡಿ ಇದೆಯೆಂದು ಜಾಹೀರಾತಿನಲ್ಲಿ ಮೂದಲಿಸಿತು. 2017ರ ಪಿಕ್ಸೆಲ್ 2ರಲ್ಲಿ ಕಿಂಡಿ ಇರಲಿಲ್ಲ. ಸ್ಯಾಮ್‌ಸಂಗ್ ಕೂಡ ಕಿಂಡಿಯಿಲ್ಲದವರನ್ನು ಕಂಡು ನಕ್ಕಿತು. 2019ರ ಆಗಸ್ಟಿನಲ್ಲಿ ಬಂದ ಅದರ ನೋಟ್ 10ರಲ್ಲಿಯೂ ಕಿಂಡಿ ಇರಲಿಲ್ಲ. ನಕ್ಕವರ ಮನೆಯಲ್ಲೇ ನಗೆ ಬಂದು ಕೂತಿತು.

ಪ್ರತಿಪಕ್ಷದವರ ವಾದವನ್ನೂ ಕೇಳುವುದು ನ್ಯಾಯ. ಕಿಂಡಿ ಒಳಗೆ ಜಾಗ ತಿನ್ನುತ್ತದೆ, ಆ ಜಾಗ ಬ್ಯಾಟರಿಗೆ ಬೇಕು ಎನ್ನುತ್ತಾರೆ, ಇದರಲ್ಲಿ ಸತ್ಯಾಂಶವಿದೆ. ನೀರು ನುಗ್ಗುತ್ತದೆ ಎನ್ನುತ್ತಾರೆ. ಆದರೆ 2016ರ ಸ್ಯಾಮ್‌ಸಂಗ್ ಎಸ್ 7 ಕಿಂಡಿಯಿಟ್ಟುಕೊಂಡೇ ನೀರಿಗೆ ಅಂಜದೆ ನಿಂತಿತ್ತು. ತಂತಿ ಸಿಕ್ಕಾಗುತ್ತದೆ ಎನ್ನುತ್ತಾರೆ. ಇದು ಸಂಪೂರ್ಣ ಸತ್ಯ. ಜೇಬಿನಲ್ಲಿಟ್ಟ ತಂತಿ ಯಾರೂ ಮುಟ್ಟದೆ ತಾನೇ ಗಂಟು ಹಾಕಿಕೊಳ್ಳುವ ರಹಸ್ಯವನ್ನು ಯಾವ ಶಾಸ್ತ್ರಜ್ಞರಾದರೂ ನನಗೆ ಬಿಡಿಸಿ ಹೇಳಬೇಕು. ಸಾರುವೆಯ ಮೇಲೆ ನಿಂತು ಗಾರೆಕೆಲಸ ಮಾಡುವ ನನ್ನ ಸೋದರಮಾವನಿಗೆ ತಂತಿಯಿಲ್ಲದ ಇಯರ್‌ಬಡ್ಡೇ ಕ್ಷೇಮ. ಬೇಕಾದವರು ಕೊಳ್ಳಲಿ; ಕಿಂಡಿ ಇರುವ ಫೋನಿನಲ್ಲಿ ಬ್ಲೂಟೂತೂ ಇರುತ್ತದೆ. ಕಿಂಡಿಯಿಲ್ಲದ ಫೋನಿನಲ್ಲಿ ಮಾತ್ರ ಬಾಲ ಕಟ್ಟದೆ ಇನ್ನೊಂದು ದಾರಿಯಿಲ್ಲ. ನನ್ನ ಜಗಳ ಇಷ್ಟೇ.

ಸೋದರಮಾವನ ಇಯರ್‌ಬಡ್ಡು ಎರಡು ವರ್ಷಕ್ಕೆ ಒಂದು ಕಿವಿಯಲ್ಲಿ ಮೂಕವಾಯಿತು. ಒಳಗಿರುವ ಕಡಲೆಕಾಳಿನಷ್ಟು ಬ್ಯಾಟರಿಗೂ ಆಯುಸ್ಸಿದೆ. ಅದು ಮುಗಿದ ಮೇಲೆ ಬಿಚ್ಚಿ ಬದಲಾಯಿಸುವಂತಿಲ್ಲ. ಸಾಧನಗಳನ್ನು ಬಿಚ್ಚಿ ನೋಡಿ, ದುರಸ್ತಿಯ ಅನುಕೂಲಕ್ಕೆ ಅಂಕ ಕೊಡುವ ಐಫಿಕ್ಸಿಟ್ ಎಂಬ ಸಂಸ್ಥೆ ಮೊದಲ ಏರ್‌ಪಾಡುಗಳಿಗೆ ಹತ್ತಕ್ಕೆ ಸೊನ್ನೆ ಕೊಟ್ಟಿತು. ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷಕರೂ ಇಷ್ಟು ನಿಷ್ಠುರರಲ್ಲ. ನನ್ನ ತಂತಿಯ ಇಯರ್‌ಫೋನಿನ ಬೆಲೆ 150 ರೂಪಾಯಿ. ಅದಕ್ಕೆ ಬ್ಯಾಟರಿಯಿಲ್ಲ, ಹಸಿವಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಕಿವಿಯಲ್ಲಿರುತ್ತದೆ. ಸಂಜೆ ತಂಗಿಯ ಪಾಠಕ್ಕೆ. ರಾತ್ರಿ ಅವ್ವನ ಫೋನಿಗೆ. ಮೂರು ಫೋನುಗಳು ಮೂರು ಕಂಪನಿಗಳವು. ಆದರೂ ಪಿನ್ನು ಯಾವ ಕಿಂಡಿಯನ್ನೂ ‘ನೀನು ಯಾರ ಪೈಕಿ?’ ಎಂದು ಕೇಳಿದ್ದಿಲ್ಲ.

ನಮ್ಮೂರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ಹಾದಿ. ಬಸ್ಸಿನಲ್ಲಿ ಮೊಬೈಲಿನ ಸದ್ದನ್ನು ಗಟ್ಟಿಯಾಗಿ ಹಾಕಬಾರದೆಂದು ಕೆ.ಎಸ್.ಆರ್.ಟಿ.ಸಿ.ಯವರು 2021ರ ನವೆಂಬರಿನಲ್ಲಿಯೇ ಆಜ್ಞೆ ಮಾಡಿದ್ದಾರೆ. ಆದ್ದರಿಂದ ಇಯರ್‌ಫೋನು ನನ್ನ ಪಾಲಿಗೆ ಅಲಂಕಾರವಲ್ಲ, ಸಂಚಾರಿ ತರಗತಿ. ಮನೆಯಲ್ಲಿ ನನಗಿಂತ ಮುಂಚೆ ಡಿಗ್ರಿ ಓದಿದವರು ಯಾರೂ ಇಲ್ಲ. ಅರ್ಥವಾಗದ್ದನ್ನು ಕೇಳಲು ಅಣ್ಣನಿಲ್ಲ, ಅಕ್ಕನಿಲ್ಲ. ಅಧ್ಯಾಪಕರ ಅನುಮತಿ ಪಡೆದು ಧ್ವನಿಮುದ್ರಿಸಿಕೊಂಡ ಪಾಠವನ್ನು ಆ ಒಂದೂಕಾಲು ಗಂಟೆಯಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಹಿಂದಿನ ಸೀಟಿನಲ್ಲಿ ಕೋಳಿ ಕೂಗುತ್ತಿದ್ದರೂ ನನ್ನ ಕಿವಿಯಲ್ಲಿ ಪಂಪನ ಪಾಠ ನಿರ್ವಿಘ್ನವಾಗಿ ನಡೆಯುತ್ತಿರುತ್ತದೆ.

ನನ್ನದಾದರೂ ಅನುಕೂಲದ ಮಾತು. ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಗೆಳತಿಯಿದ್ದಾಳೆ. ಅವಳ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ, ಪರದೆಯ ಮೇಲೆ ಬೆರಳಿಟ್ಟ ಕಡೆ ಏನಿದೆಯೆಂದು ಓದಿ ಹೇಳುತ್ತದೆ. ಅವಳು ಅದನ್ನು ನಮಗೆ ಅರ್ಥವಾಗದ ವೇಗದಲ್ಲಿ ಓಡಿಸುತ್ತಾಳೆ. ಬ್ಲೂಟೂತಿನಲ್ಲಿ ಸದ್ದನ್ನು ಮಡಚಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಬಿಡಿಸುವುದರೊಳಗೆ ಸೆಕೆಂಡಿನ ಹತ್ತರಲ್ಲೊಂದೆರಡು ಭಾಗ ತಡವಾಗುವುದುಂಟು. ಹಾಡು ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ. ಅವಳಿಗೆ ಬೆರಳಿಟ್ಟ ಪ್ರತಿ ಸಲವೂ ಅಷ್ಟು ತಡವಾದರೆ ಓದು ಕುಂಟುತ್ತದೆ. ಮೇಲಾಗಿ ಗ್ರಂಥಾಲಯದಲ್ಲಿ ಇಯರ್‌ಬಡ್ಡಿನ ಚಾರ್ಜು ಮುಗಿದರೆ, ಅವಳ ಬ್ಯಾಂಕಿನ ಲೆಕ್ಕವೂ ಮನೆಯ ಪತ್ರವೂ ಎಲ್ಲರ ಕಿವಿಗೆ ಬೀಳುತ್ತದೆ. ಇಲ್ಲವಾದರೆ ಅವಳು ಸುಮ್ಮನೆ ಕುಳಿತಿರಬೇಕು. “ನಿಮಗೆ ಅದು ಹಾಡು ಕೇಳೋಕೆ, ನನಗೆ ಅದೇ ಕನ್ನಡಕ ಕಣೇ” ಎಂದು ಅವಳು ಒಮ್ಮೆ ಹೇಳಿದಳು. ಆ ಮಾತಿನ ಮೇಲೆ ನಾನು ಸೇರಿಸಬೇಕಾದ್ದೇನೂ ಇಲ್ಲ.

ನಮ್ಮ ಅಪ್ಪನ ಪಕ್ಷವೂ ಒಂದಿದೆ: ರೇಡಿಯೋ. ನೂರು ಮೆಗಾಹರ್ಟ್ಸಿನ ಆಸುಪಾಸಿನ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರು. ಅದನ್ನು ಹಿಡಿಯಲು ಒಂದು ಉದ್ದನೆಯ ತಂತಿ ಬೇಕು. ರೇಡಿಯೋ ಇರುವ ಫೋನುಗಳಲ್ಲಿ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಈ ಆಂಟೆನಾ ಕೆಲಸವನ್ನು ಮಾಡುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದ ನಾಡು ಇದು. ಅಪ್ಪನಿಗೆ ಇಂಟರ್‌ನೆಟ್ಟಿನ ಖರ್ಚಿಲ್ಲದೆ ರೈತರ ಕಾರ್ಯಕ್ರಮ ಕೇಳಬೇಕು. ಮಳೆಯ ಸುದ್ದಿ ತಿಳಿಯಬೇಕು. ಪ್ರವಾಹ ಮುಂತಾದ ವಿಪತ್ತುಗಳಲ್ಲಿ ರೇಡಿಯೋ ಒದಗುತ್ತದೆಂದು, ಫೋನುಗಳಲ್ಲಿ ಎಫ್‌ಎಂ ಗ್ರಾಹಕವಿರುವಂತೆ ನೋಡಿಕೊಳ್ಳಬೇಕೆಂದು ಕೇಂದ್ರ ಸರ್ಕಾರವೂ 2023ರ ಏಪ್ರಿಲಿನಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಸಲಹೆಯೇನೋ ಸರಿ, ಆಂಟೆನಾ ಸಿಕ್ಕಿಸುವ ಕಿಂಡಿಯನ್ನೇ ಮುಚ್ಚಿದ ಮೇಲೆ ಆಕಾಶದ ವಾಣಿ ಆಕಾಶದಲ್ಲಿಯೇ ಉಳಿಯುತ್ತದೆ.

ಅರ್ಥಶಾಸ್ತ್ರದ ಆ ಒಗಟು ಈಗ ನನಗೆ ಬಿಡಿಸಿದಂತೆ ತೋರುತ್ತದೆ. ಮೇಲಿನ ಸಾಲಿನ ಫೋನು ಕೊಳ್ಳುವವರು ಇಯರ್‌ಬಡ್ಡನ್ನೂ ಕೊಳ್ಳಬಲ್ಲರು. ಆದ್ದರಿಂದ ಅಲ್ಲಿ ಕಿಂಡಿಯನ್ನು ಮುಚ್ಚಿದರೆ ಲಾಭವುಂಟು. ಕೆಳಗಿನ ಸಾಲಿನವರು ಕೊಳ್ಳಲಾರರು. ಅಲ್ಲಿ ಮುಚ್ಚಿದರೆ ಫೋನೇ ಉಳಿದುಹೋಗುತ್ತದೆ. ನಮ್ಮ ಕಿಂಡಿಯನ್ನು ಕಾಪಾಡುತ್ತಿರುವುದು ಯಾರ ಔದಾರ್ಯವೂ ಅಲ್ಲ, ನಮ್ಮ ಬಡತನ. ಇದು ಹೆಮ್ಮೆಪಡುವ ಮಾತೇ ಅಥವಾ ದುಃಖಪಡುವ ಮಾತೇ ಎಂಬುದನ್ನು ವಾಚಕರೇ ನಿರ್ಣಯಿಸಲಿ. ಆದರೆ ಒಂದು ಮಾತು ನಿಜ. ಉಡುಪಿಯಲ್ಲಿ ಬಾಗಿಲಿನಿಂದ ಒಳಗೆ ಹೋಗಲಾರದ ಕನಕದಾಸರಿಗೆ ದೇವರು ಗೋಡೆಯ ಕಿಂಡಿಯಲ್ಲಿ ದರ್ಶನ ಕೊಟ್ಟನೆಂದು ಐತಿಹ್ಯ. ಕಿಂಡಿ ಯಾವತ್ತೂ ಬಾಗಿಲ ಹೊರಗೆ ನಿಂತವರದು. ನಮ್ಮ ಊರುಗಳಲ್ಲಿ ಬಾವಿಯ ನೀರು ಕೂಡ ಎಲ್ಲರಿಗೂ ಒಂದೇ ಆಗಿರಲಿಲ್ಲ. ಅಂಥ ಲೋಕದಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ, ಯಾರ ಪಿನ್ನು ಬಂದರೂ ಒಂದೇ ಸಮನಾಗಿ ಬರಮಾಡಿಕೊಳ್ಳುವ ಒಂದು ಅಳತೆ ಇಷ್ಟು ಕಾಲ ಬಾಳಿತು. ಅದನ್ನು ಮುಚ್ಚುವುದಕ್ಕೆ ಧೈರ್ಯ ಬೇಕೋ ಬೇಡವೋ, ತೆರೆದಿಟ್ಟುಕೊಳ್ಳುವುದಕ್ಕೆ ಸ್ವಲ್ಪ ಮನಸ್ಸಾದರೂ ಬೇಕು.

ಕೊನೆಗೆ ಕೆಳಸಾಲಿನ ಒಂದು ಫೋನನ್ನು 10,499 ರೂಪಾಯಿಗೆ ಕೊಂಡೆ. ಕಣ್ಣುಗಳು ಎರಡೇ, ಕಿಂಡಿ ಒಂದು. ಇದೇ ಹಟವಿರುವ ಕಿರಿಯ ಮಿತ್ರರಿಗೆ ಒಂದೆರಡು ಸೂಚನೆ. ಪೆಟ್ಟಿಗೆಯ ಮೇಲಿನ ಬರೆಹವನ್ನೂ ಅಂಗಡಿಯವರ ಬಾಯಿಮಾತನ್ನೂ ನಂಬಿ ಕೂರಬೇಡಿ. ಫೋನಿನ ತಲೆ ಬುಡ ಎರಡನ್ನೂ ತಿರುಗಿಸಿ ನೋಡಿ. ಕಿಂಡಿ ಎರಡರಲ್ಲಿ ಯಾವ ಕಡೆಯಾದರೂ ಇರಬಹುದು. ನಿಮ್ಮ ಇಯರ್‌ಫೋನನ್ನು ಮನೆಯಿಂದಲೇ ಒಯ್ದು, ಚುಚ್ಚಿ, ಎರಡು ಕಿವಿಯಲ್ಲೂ ಸದ್ದು ಬರುತ್ತದೆಯೇ, ಮೈಕಿನಲ್ಲಿ ನಿಮ್ಮ ಮಾತು ಆ ಕಡೆಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ರೇಡಿಯೋ ಬೇಕಾದವರು ಅದನ್ನೂ ಅಲ್ಲಿಯೇ ಹಾಕಿಸಿ ಕೇಳಿ; ಕಿಂಡಿ ಇದ್ದ ಮಾತ್ರಕ್ಕೆ ರೇಡಿಯೋ ಇರಲೇಬೇಕೆಂದಿಲ್ಲ. ಅಂಗಡಿಯ ಹುಡುಗ ಮರುಕದಿಂದ ನೋಡಿದರೆ ನೋಡಲಿ. ಆ ಮರುಕಕ್ಕೆ ದುಡ್ಡು ಕೊಡಬೇಕಾಗಿಲ್ಲ.