ನಿಂತವರಿಗೊಂದು ಪಥ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ದಿಕ್ಕಿನಲ್ಲಿ, ಅಟ್ಲಾಂಟಿಕ್ ಸಾಗರದ ಅಂಚಿಗೆ ಒತ್ತಿಕೊಂಡಂತೆ, ದಕ್ಷಿಣ ಕೆರೊಲಿನ ಎಂಬ ಚಿಕ್ಕ ರಾಜ್ಯವಿದೆ. ಅದರ ಧ್ವಜದ ಮೇಲೆ ಒಂದು ಬಾಲಚಂದ್ರ, ಒಂದು ತಾಳೆಯ ಜಾತಿಯ ಮರ. ಈ ಮರಕ್ಕೆ ಧ್ವಜದಲ್ಲಿ ಸ್ಥಾನ ದೊರೆತದ್ದಕ್ಕೆ ಒಂದು ಕಥೆಯುಂಟು. 1776ರಲ್ಲಿ ಆಂಗ್ಲರ ಯುದ್ಧನೌಕೆಗಳು ಚಾರ್ಲ್ಸ್‌ಟನ್ ಬಂದರಿನ ಮೇಲೆ ಏರಿ ಬಂದಾಗ, ಈ ಮರದ ದಿಮ್ಮಿಗಳಿಂದ ಕಟ್ಟಿದ್ದ ಕೋಟೆಯು ಒಡೆದು ಚೂರಾಗಲಿಲ್ಲ. ಫಿರಂಗಿಯ ಗುಂಡುಗಳನ್ನು ತನ್ನ ಮೆತ್ತನೆಯ ನಾರಿನೊಳಗೆ ನುಂಗಿಕೊಂಡಿತು. ಮನುಷ್ಯನ ಮೈಗೆ ಈ ಗುಣವಿಲ್ಲ. ಇದೇ ನಾಡಿನ ರಸ್ತೆಯಲ್ಲಿ ಪೆಟ್ಟು ತಿಂದ ಒಬ್ಬ ಮನುಷ್ಯನ ನಿಮಿತ್ತವಾಗಿ ಒಂದು ಕಾನೂನು ಹುಟ್ಟಿ, ಹದಿನಾರು ವರ್ಷಗಳಲ್ಲಿ ಆ ದೇಶದ ಐವತ್ತು ರಾಜ್ಯಗಳನ್ನೂ ವ್ಯಾಪಿಸಿತು. ದಾರಿಯ ಬದಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಓಡುವ ವಾಹನಗಳು ಒಂದು ಪಥದಷ್ಟು ಜಾಗವನ್ನು ಬಿಟ್ಟುಕೊಟ್ಟು ಸಾಗಬೇಕೆಂಬುದೇ ಆ ಕಾನೂನು.

ಅದು ಹುಟ್ಟಿದ ಸೀಮೆಯನ್ನು ನೋಡಬೇಕಾದರೆ ಚಾರ್ಲ್ಸ್‌ಟನ್ನಿನಿಂದಲೇ ಹೊರಡುವುದು ಮೇಲು. ಉದ್ದನೆಯ ಪಡಸಾಲೆಗಳುಳ್ಳ ಬಣ್ಣಬಣ್ಣದ ಹಳೆಯ ಮನೆಗಳ ಮುಂದೆ ಪ್ರವಾಸಿಗಳನ್ನು ಕೂರಿಸಿಕೊಂಡ ಕುದುರೆಯ ಸಾರೋಟುಗಳು ಇಂದಿಗೂ ನಿಧಾನವಾಗಿ ಸಾಗುತ್ತವೆ. ಕುದುರೆಗೆ ಅವಸರವಿಲ್ಲ, ಕೂತವರಿಗೂ ಇಲ್ಲ. ಆದರೆ ಊರಿನ ಹೊರವಲಯದಲ್ಲಿ 26ನೆಯ ಅಂತರರಾಜ್ಯ ಹೆದ್ದಾರಿಯನ್ನು ಹಿಡಿದೊಡನೆ ಕಾಲದ ಲೆಕ್ಕವೇ ಬದಲಾಗುತ್ತದೆ. 1956ರಲ್ಲಿ ಐಸೆನ್‌ಹೋವರರು ಅಧ್ಯಕ್ಷರಾಗಿದ್ದಾಗ ಬಂದ ಶಾಸನದಿಂದ ದೇಶದ ಉದ್ದಗಲಕ್ಕೂ ಹರಡಿದ ಹೆದ್ದಾರಿಗಳಲ್ಲಿ ಇದೂ ಒಂದು. ಸಮಸಂಖ್ಯೆಯ ದಾರಿಗಳು ಪೂರ್ವ ಪಶ್ಚಿಮವಾಗಿಯೂ ಬೆಸಸಂಖ್ಯೆಯವು ಉತ್ತರ ದಕ್ಷಿಣವಾಗಿಯೂ ಹೋಗಬೇಕೆಂಬುದು ಅಲ್ಲಿಯ ನಿಯಮ. ಈ ಇಪ್ಪತ್ತಾರು ಮಾತ್ರ ಯಾರ ಮಾತನ್ನೂ ಕೇಳದ ಹುಡುಗನಂತೆ ಕರ್ಣರೇಖೆಯಲ್ಲಿ ವಾಯವ್ಯಕ್ಕೆ ಓಡುತ್ತದೆ.

ಮೊದಲು ಜವುಗು ನೆಲ, ಉಪ್ಪುನೀರಿನ ಹುಲ್ಲು. ಆಮೇಲೆ ಪೈನ್ ಮರಗಳು, ಮತ್ತೆ ಪೈನ್ ಮರಗಳು. ಬಂದರಿನಿಂದ ಸರಕು ಹೊತ್ತ ಭಾರಿ ಲಾರಿಗಳು ಸಾಲುಗಟ್ಟಿ ಬರುತ್ತವೆ. ಬಹುದೂರದವರೆಗೆ ಹೋಗುವುದಕ್ಕೆ ಎರಡು ಪಥ, ಬರುವುದಕ್ಕೆ ಎರಡು ಪಥ, ಅಷ್ಟೆ. 1999ರಲ್ಲಿ ಫ್ಲಾಯ್ಡ್ ಚಂಡಮಾರುತಕ್ಕೆ ಹೆದರಿ ಕರಾವಳಿಯ ಜನರೆಲ್ಲ ಒಮ್ಮೆಲೇ ಈ ರಸ್ತೆಗೆ ಬಂದಾಗ, ಎರಡು ಗಂಟೆಯ ದಾರಿಯಲ್ಲಿ ಹತ್ತಾರು ಗಂಟೆ ಸಿಕ್ಕಿಬಿದ್ದರು. ಆ ಪಾಠದ ಫಲವಾಗಿ 2016ರಲ್ಲಿಯೂ 2018ರಲ್ಲಿಯೂ ಚಂಡಮಾರುತಗಳು ಬಂದಾಗ ಎದುರಿನ ಪಥಗಳನ್ನೂ ತಿರುಗಿಸಿ, ನಾಲ್ಕೂ ಪಥಗಳನ್ನು ಒಳನಾಡಿನ ಕಡೆಗೇ ಹರಿಸಿದರು. ದಾರಿಯ ನಡುವೆ 95ನೆಯ ಹೆದ್ದಾರಿಯು ಅಡ್ಡ ಬರುತ್ತದೆ. ಅದು ದಕ್ಷಿಣಕ್ಕೆ ಜಾರ್ಜಿಯವನ್ನು ದಾಟಿ ಫ್ಲಾರಿಡಕ್ಕೆ ಹೋಗುವ ದಾರಿ.

ಇಂತಹ ರಸ್ತೆಯ ಬಲಗಡೆಯ ಅಂಚನ್ನು ಸ್ವಲ್ಪ ಗಮನಿಸಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಭಾಗದಲ್ಲಿ ಓಡುವುದರಿಂದ, ಕೆಟ್ಟು ನಿಂತ ಕಾರಿಗೂ, ಅದನ್ನು ವಿಚಾರಿಸಲು ಬಂದ ಪೋಲೀಸಿಗೂ, ಅಂಬುಲೆನ್ಸಿಗೂ ಈ ಬಲ ಅಂಚೇ ಗತಿ. ಹೆದ್ದಾರಿಯ ಒಂದು ಪಥದ ಅಗಲ ಹನ್ನೆರಡು ಅಡಿ; ಅಂಚಿನ ಅಗಲ ಸಾಮಾನ್ಯವಾಗಿ ಹತ್ತು ಅಡಿ. ಹತ್ತು ಅಡಿಯಲ್ಲಿ ಕಾರಿಗೆ ಆರು ಅಡಿ ಹೋದರೆ ಉಳಿಯುವುದು ನಾಲ್ಕೇ ಅಡಿ. ಮನುಷ್ಯನೊಬ್ಬನು ಬಾಗಿ ಚಕ್ರ ಬಿಚ್ಚುವುದಕ್ಕೂ, ಗಾಯಾಳುವನ್ನು ಮಂಚಕ್ಕೆ ಎತ್ತುವುದಕ್ಕೂ ಆ ನಾಲ್ಕು ಅಡಿಯೊಳಗೇ ನಿಲ್ಲಬೇಕು. ಪಕ್ಕದ ಪಥದಲ್ಲಿಯಾದರೋ ಎಂಟೂವರೆ ಅಡಿ ಅಗಲದ, ಭರ್ತಿಯಾದಾಗ ಮೂವತ್ತಾರು ಟನ್ನಿನವರೆಗೆ ತೂಗುವ ಲಾರಿಗಳು. ಊರಿನಾಚೆ ವೇಗದ ಮಿತಿ ಗಂಟೆಗೆ 70 ಮೈಲಿ, ಎಂದರೆ ಒಂದು ಸೆಕೆಂಡಿಗೆ 31 ಮೀಟರು. ನೂರು ಮೀಟರಿನಾಚೆ ಕಂಡ ಮನುಷ್ಯನ ಬಳಿಗೆ ಲಾರಿಯು ಮೂರು ಸೆಕೆಂಡಿನ ಚಿಲ್ಲರೆಯಲ್ಲಿ ಬಂದುಬಿಡುತ್ತದೆ. ಮುಟ್ಟದೆ ಹೋದರೂ ಅದರ ಗಾಳಿಯ ಹೊಡೆತಕ್ಕೆ ನಿಂತವನ ಮೈ ಜೋಲಿ ಹೊಡೆಯುತ್ತದೆ. ಅಲ್ಲಿಯ ಪೋಲೀಸಿನವರಲ್ಲಿ ಅನೇಕರು ತಾವು ನಿಲ್ಲಿಸಿದ ಕಾರಿನ ಚಾಲಕನ ಬಾಗಿಲಿಗೆ ಬಾರದೆ, ಸುತ್ತು ಬಳಸಿ ಆಚೆಯ ಕಿಟಕಿಯ ಬಳಿ ನಿಂತು ಮಾತನಾಡುವುದು ಬಿಗುಮಾನದಿಂದಲ್ಲ, ಜೀವದ ಆಸೆಯಿಂದ.

ದೀಪಗಳಿಲ್ಲವೆ ಎಂದು ವಾಚಕರು ಕೇಳಬಹುದು. ಇವೆ, ಕೆಂಪು, ನೀಲಿ, ಬಿಳಿ, ಹಳದಿ ಎಲ್ಲವೂ ಮೈಲಿ ದೂರಕ್ಕೆ ಮಿಂಚುತ್ತವೆ. ಆದರೆ ದಣಿದ ಕಣ್ಣು ಎತ್ತ ನೋಡುತ್ತದೆಯೋ ಚಕ್ರವೂ ಅತ್ತಲೇ ವಾಲುವ ಸಂಭವವುಂಟೆಂದು ಹೇಳುವವರಿದ್ದಾರೆ. ದೀಪವನ್ನು ಕಂಡ ಪತಂಗದ ಗುಣವೆಂದೇ ಅದಕ್ಕೆ ಹೆಸರು. ಅಗ್ನಿಶಾಮಕ ದಳದವರು ತಮ್ಮ ದೊಡ್ಡ ವಾಹನವನ್ನು ಅಪಘಾತದ ಸ್ಥಳಕ್ಕಿಂತ ಹಿಂದೆಯೇ ಓರೆಯಾಗಿ, ಗೋಡೆಯಂತೆ ನಿಲ್ಲಿಸುವ ಪದ್ಧತಿ ಬಂದದ್ದು ಇದಕ್ಕಾಗಿ. ಬಡಿಯುವುದಿದ್ದರೆ ಕಬ್ಬಿಣಕ್ಕೆ ಬಡಿಯಲಿ.

ಎರಡು ಗಂಟೆಯೊಳಗಾಗಿ ರಾಜಧಾನಿಯಾದ ಕೊಲಂಬಿಯ ಕಾಣಿಸುತ್ತದೆ. 1865ರಲ್ಲಿ ಅಂತರ್ಯುದ್ಧದ ಕೊನೆಗಾಲದಲ್ಲಿ ಈ ಊರು ಸುಟ್ಟಿತು. ಶಾಸನಸಭೆಯ ಕಲ್ಲುಗೋಡೆಗೆ ಜನರಲ್ ಶರ್ಮನ್ನನ ಫಿರಂಗಿಗಳು ಮಾಡಿದ ಗಾಯಗಳ ಮೇಲೆ ಕಂಚಿನ ನಕ್ಷತ್ರಗಳನ್ನು ಕೂರಿಸಿದ್ದಾರೆ. ಊರಿನ ಪಶ್ಚಿಮದಲ್ಲಿ 26ನೆಯ ಹೆದ್ದಾರಿಯೂ 20ನೆಯದೂ ಕೂಡುವ ಸ್ಥಳವೊಂದಿದೆ. ಅಲ್ಲಿಯ ನೂಕುನುಗ್ಗಲನ್ನು ಕಂಡು ಸ್ಥಳೀಯರು ಅದಕ್ಕೆ ‘ಕೆಟ್ಟುನಿಂತ ಕೂಡುದಾರಿ’ ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ. ಅದನ್ನು ದಾಟಿದರೆ ಲೆಕ್ಸಿಂಗ್ಟನ್ ಜಿಲ್ಲೆ. 1930ರಲ್ಲಿ ಸಲೂಡ ನದಿಗೆ ಮಣ್ಣಿನ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ನಿಂತ ಮರ್ರೆ ಸರೋವರ, ಅದರ ದಂಡೆಯ ಮನೆಗಳು, ಇನ್ನೂ ಮುಂದೆ ಪೀಚ್ ಹಣ್ಣಿನ ತೋಟಗಳು. ಪೀಚಿನ ರಾಜ್ಯವೆಂಬ ಬಿರುದು ನೆರೆಯ ಜಾರ್ಜಿಯಕ್ಕೆ. ಹೆಚ್ಚು ಹಣ್ಣು ಬೆಳೆಯುವುದು ಮಾತ್ರ ಸಾಮಾನ್ಯವಾಗಿ ದಕ್ಷಿಣ ಕೆರೊಲಿನ. ಬಿರುದಿಗೂ ಬೆಳೆಗೂ ಸಂಬಂಧವಿರಲೇಬೇಕೆಂದೇನೂ ಇಲ್ಲವಷ್ಟೆ.

ಈ ಲೆಕ್ಸಿಂಗ್ಟನ್ನಿನಲ್ಲಿ ಜೇಮ್ಸ್ ಗಾರ್ಸಿಯ ಎಂಬಾತನು ಪ್ಯಾರಾಮೆಡಿಕ್ ಆಗಿದ್ದನು. ಅಂಬುಲೆನ್ಸಿನೊಡನೆ ಬಂದು ಸ್ಥಳದಲ್ಲಿಯೇ ಗಾಯಾಳುಗಳ ಉಪಚಾರ ಮಾಡುವ ಕೆಲಸ ಅದು. 1994ರ ಜನವರಿ 28ರಂದು ಒಂದು ಅಪಘಾತದ ಸ್ಥಳದಲ್ಲಿದ್ದಾಗ ವಾಹನವೊಂದು ಆತನಿಗೇ ಬಡಿಯಿತು. ಗಾಯಾಳುಗಳ ನೆರವಿಗೆ ಬಂದವನು ತಾನೇ ಗಾಯಾಳುವಾದನು. ಇಲ್ಲಿಗೆ ಮುಗಿದಿದ್ದರೆ ಇದು ಯಾವ ದೇಶದಲ್ಲಿಯಾದರೂ ನಡೆಯಬಹುದಾದ ದುರದೃಷ್ಟದ ಸಂಗತಿಯೆಂದು ಜನ ಮರೆಯುತ್ತಿದ್ದರು. ಆದರೆ ರಾಜ್ಯದ ಹೆದ್ದಾರಿ ಗಸ್ತಿನ ಪೋಲೀಸರು ಬರೆದ ವರದಿಯಲ್ಲಿ ತಪ್ಪು ಯಾರದೆಂಬ ಅಂಕಣದೆದುರು ಕಾಣಿಸಿಕೊಂಡದ್ದು ಗಾರ್ಸಿಯನ ಹೆಸರೇ.

ಆ ಬರಹವನ್ನು ಅನ್ಯಾಯವೆನ್ನುವುದು ಸುಲಭ. ಅದು ಹಾಗೇಕೆ ಸಾಧ್ಯವಾಯಿತೆಂಬುದನ್ನು ಯೋಚಿಸುವುದು ಹೆಚ್ಚು ಉಪಯುಕ್ತ. ರಸ್ತೆಯ ನಿಯಮಗಳೆಲ್ಲ ಓಡುವವರನ್ನು ಕುರಿತು ಹುಟ್ಟಿದವು. ಯಾರು ಮೊದಲು ಹೋಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು, ಯಾವ ಕಡೆಯಿಂದ ಮುಂದೆ ಹೋಗಬೇಕು ಎಂಬುದೇ ಅವುಗಳ ಚಿಂತೆ. ಗಂಟೆ ಬಾರಿಸುತ್ತ ಓಡಿಬರುವ ಅಂಬುಲೆನ್ಸಿಗೆ ದಾರಿ ಬಿಡಬೇಕೆಂಬ ನಿಯಮವು ಹಳೆಯದೇ. ಅದೇ ಅಂಬುಲೆನ್ಸು ಬಂದು ನಿಂತು, ಅದರೊಳಗಿನ ಮನುಷ್ಯನು ಕೆಳಗಿಳಿದು ನಡೆದಾಡತೊಡಗಿದ ಕ್ಷಣದಿಂದ ಆತನು ಯಾರು? ಕಾನೂನಿನ ಕಣ್ಣಿಗೆ ವಾಹನಗಳ ದಾರಿಗೆ ಕಾಲಿಟ್ಟ ಪಾದಚಾರಿ. ನೆರವು ಬೇಕಾದವನು ಇರುವ ಸ್ಥಳವನ್ನು ನೆರವಿನವನು ಆರಿಸಿಕೊಳ್ಳಲಾರನೆಂಬ ಸರಳ ಸತ್ಯವು ಯಾವ ಕಟ್ಟಳೆಯಲ್ಲಿಯೂ ಬರೆದಿರಲಿಲ್ಲ.

ಗಾರ್ಸಿಯನು ಸುಮ್ಮನಾಗಲಿಲ್ಲ. ರಸ್ತೆಬದಿಯಲ್ಲಿ ದುಡಿಯುವವರ ರಕ್ಷಣೆಗೆ ಶಾಸನವೊಂದು ಬೇಕೆಂದು ಹಿಡಿದ ಪಟ್ಟನ್ನು ಬಿಡದೆ ಪ್ರಯತ್ನಿಸಿದನು. 1996ರಲ್ಲಿ ದಕ್ಷಿಣ ಕೆರೊಲಿನದ ಶಾಸನಸಭೆಯು, ಆ ಕಂಚಿನ ನಕ್ಷತ್ರಗಳ ಕಟ್ಟಡದಲ್ಲಿಯೇ, ‘ಸರಿದು ಹೋಗಿ’ ಎಂದು ಹೆಸರಾದ ಕಾನೂನನ್ನು ಅಂಗೀಕರಿಸಿತು. ದೀಪ ಮಿಂಚಿಸುತ್ತ ನಿಂತ ತುರ್ತು ವಾಹನವನ್ನು ಸಮೀಪಿಸುವ ಚಾಲಕನು ವೇಗವನ್ನು ಗಣನೀಯವಾಗಿ ತಗ್ಗಿಸಬೇಕು. ಒಂದೇ ದಿಕ್ಕಿಗೆ ಎರಡು ಪಥಗಳಿದ್ದರೆ, ಸಾಧ್ಯವಾದ ಪಕ್ಷದಲ್ಲಿ, ಆ ವಾಹನಕ್ಕೆ ತಗುಲಿದ ಪಥವನ್ನು ಬಿಟ್ಟು ಆಚೆಯ ಪಥಕ್ಕೆ ಸರಿಯಬೇಕು. ಸರಿಯುವುದು ಅಪಾಯವೆನಿಸಿದರೆ ಸ್ಥಳಕ್ಕೆ ತಕ್ಕ ಸುರಕ್ಷಿತ ವೇಗದಲ್ಲಿ ಸಾಗಬೇಕು. 2002ರಲ್ಲಿ ಅದನ್ನು ತಿದ್ದಿ ದಂಡವನ್ನು ಬಿಗಿಗೊಳಿಸಿದರು: ಕನಿಷ್ಠ 300 ಡಾಲರು, ಗರಿಷ್ಠ 500. ಹನ್ನೆರಡು ಅಡಿಯ ಆ ಖಾಲಿ ಪಥವು ನಾಲ್ಕು ಅಡಿಯಲ್ಲಿ ನಿಂತವನಿಗೆ ಹದಿನಾರು ಅಡಿಯ ಅಂತರವನ್ನು ಕೊಡುತ್ತದೆ.

ಉಳಿದ ರಾಜ್ಯಗಳು ಒಂದೊಂದಾಗಿ ಈ ದಾರಿಗೆ ಬಂದವು. ದುಃಖದ ಸಂಗತಿಯೆಂದರೆ, ಹಲವು ಬಂದದ್ದು ಶವಯಾತ್ರೆಯ ಹಿಂದೆ. ಇಲಿನಾಯ್ ರಾಜ್ಯದಲ್ಲಿ ಈ ಕಾನೂನಿಗೆ ‘ಸ್ಕಾಟನ ಕಾನೂನು’ ಎಂದು ಹೆಸರು. 2000ದ ಡಿಸೆಂಬರಿನಲ್ಲಿ ಶಿಕಾಗೋ ನಗರದ ಹೆದ್ದಾರಿಯೊಂದರ ಅಪಘಾತದ ಸ್ಥಳದಲ್ಲಿ ಕೆಲಸದಲ್ಲಿದ್ದಾಗ ಕಾರು ಬಡಿದು ಸತ್ತ ಅಗ್ನಿಶಾಮಕ ದಳದ ಅಧಿಕಾರಿ ಸ್ಕಾಟ್ ಗಿಲ್ಲನ್ನನ ಹೆಸರು ಅದು. ಹವಾಯಿ ದ್ವೀಪಗಳಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರು ಪೋಲೀಸರು ರಸ್ತೆಬದಿಯಲ್ಲಿ ಹೀಗೆಯೇ ಸತ್ತ ಬಳಿಕ 2012ರಲ್ಲಿ ಕಾನೂನು ಬಂದಿತು. ಐವತ್ತರಲ್ಲಿ ಅದೇ ಕೊನೆಯದು. ಎಷ್ಟು ನಿಧಾನಿಸಬೇಕೆಂಬುದರಲ್ಲಿ ಮಾತ್ರ ರಾಜ್ಯಕ್ಕೊಂದು ರೀತಿ. ಟೆಕ್ಸಸ್ಸಿನಲ್ಲಿ ಸರಿಯಲಾಗದವನು ಮಿತಿಗಿಂತ 20 ಮೈಲಿ ಕಡಿಮೆ ವೇಗಕ್ಕೆ ಇಳಿಯಬೇಕೆಂದು ಲೆಕ್ಕ ಕಟ್ಟಿಕೊಟ್ಟಿದ್ದಾರೆ. ಇತರ ಹಲವೆಡೆ ಅದು ಚಾಲಕನ ವಿವೇಚನೆಗೆ ಸೇರಿದ್ದು.

ಶಾಸನವಾಗುವುದು ಬೇರೆ, ಜನಕ್ಕೆ ತಿಳಿಯುವುದು ಬೇರೆ. ಕಾನೂನು ಹುಟ್ಟಿ ಹತ್ತು ವರ್ಷಗಳಾದ ಮೇಲೆ, 2006ರಲ್ಲಿ ದೇಶದಾದ್ಯಂತ ನಡೆದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 71 ಮಂದಿ ಇಂತಹ ಕಾನೂನಿನ ಹೆಸರನ್ನೇ ಕೇಳಿಲ್ಲವೆಂದರು. ಇಂಥದು ಬೇಕು ಎಂದವರು ಮಾತ್ರ ನೂರಕ್ಕೆ 86 ಮಂದಿ. ಜಾರಿಗೊಳಿಸುವುದೂ ಸುಲಭವಲ್ಲ. ಗಾಯಾಳುವಿನ ಆರೈಕೆಯಲ್ಲಿ ಬಾಗಿದ ಪೋಲೀಸನು ತನ್ನ ಬೆನ್ನ ಹಿಂದೆ ಸರಿಯದೆ ಹೋದ ಕಾರಿನ ಸಂಖ್ಯೆಯನ್ನು ಬರೆದುಕೊಳ್ಳಲಾರನು. ಅದಕ್ಕೆ ಇನ್ನೊಬ್ಬನು ಬೇಕು. ದೀಪ ಕಂಡು ಗಾಬರಿಯಿಂದ ತಟ್ಟನೆ ಪಕ್ಕಕ್ಕೆ ಹೊರಳುವವನು ಹಿಂದೆ ಬರುವವನಿಗೆ ಮೃತ್ಯುವಾಗಬಹುದು. ‘ಸಾಧ್ಯವಾದ ಪಕ್ಷದಲ್ಲಿ’ ಎಂಬ ಎರಡು ಪದಗಳನ್ನು ನುಸುಳುವ ಕಿಂಡಿಯೆಂದು ಹಳಿಯುವವರುಂಟು. ಆದರೆ ಆ ಪದಗಳಿಲ್ಲದೆ ಇದ್ದಿದ್ದರೆ ಕಾನೂನು ಒಂದು ಜೀವವನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆಯುತ್ತಿತ್ತು.

ಈಗ ಅಮೆರಿಕದ ಬಹುತೇಕ ಊರುಗಳಲ್ಲಿ ಕನ್ನಡಿಗರ ಮನೆಗಳಿವೆ. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋದ ತಾಯಿ ಹಿಂದಿನ ಆಸನದಲ್ಲಿ ಕುಳಿತಿರುವಾಗ, “ಯಾಕೆ ಆ ಕಡೆಗೆ ತಿರುಗಿಸಿದಿರಿ? ಈ ದಾರಿ ಖಾಲಿಯೇ ಇತ್ತಲ್ಲ” ಎಂದು ಕೇಳುವುದುಂಟು. “ಅಲ್ಲಿ ಪೋಲೀಸಿನವರು ನಿಂತಿದ್ದಾರೆ, ಅತ್ತೆ” ಎಂದು ಅಳಿಯ ಉತ್ತರಿಸಿದರೆ ಆಕೆಯ ಗಾಬರಿ ಇಮ್ಮಡಿಸುತ್ತದೆ. “ಅಯ್ಯೋ, ನಾವೇನು ತಪ್ಪು ಮಾಡಿದೆವಪ್ಪ?” ಪೋಲೀಸಿನವರಿಂದ ದೂರ ಸರಿಯುವುದು ಅವರನ್ನು ಉಳಿಸುವುದಕ್ಕೆಂದು ಆಕೆಗೆ ವಿವರಿಸಿ ಹೇಳುವಷ್ಟರಲ್ಲಿ ಕಾರು ಎರಡು ಮೈಲಿ ದಾಟಿರುತ್ತದೆ.

ಹಾಗೆಂದು ನಮ್ಮ ರಸ್ತೆಗಳಿಗೆ ಈ ವಿಚಾರವೇ ಹೊಸದೆನ್ನುವಂತಿಲ್ಲ. ಲಾರಿ ಕೆಟ್ಟು ನಿಂತರೆ ಕ್ಲೀನರನು ಮೊದಲು ಮಾಡುವ ಕೆಲಸ, ಹಿಂದೆ ದಪ್ಪ ಕಲ್ಲುಗಳನ್ನು ಸಾಲಾಗಿಟ್ಟು, ಮರದ ಹಸಿರು ರೆಂಬೆಯನ್ನು ಮುರಿದು ನಿಲ್ಲಿಸುವುದು. ಓದುಬರಹವಿಲ್ಲದವನಿಗೂ ಅರ್ಥವಾಗುವ ಸೂಚನೆ ಅದು. ಲಾರಿ ಹೊರಟ ಮೇಲೂ ಆ ಕಲ್ಲುಗಳು ನಡುರಸ್ತೆಯಲ್ಲಿಯೇ ಉಳಿದು ರಾತ್ರಿ ಬರುವ ದ್ವಿಚಕ್ರದವನ ಪಾಲಿಗೆ ಕಂಟಕವಾಗುವುದು ಬೇರೆಯ ಮಾತು. ಭಾರತದ ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಬರುತ್ತಿರುವ ಅಂಬುಲೆನ್ಸಿಗೆ ಅಥವಾ ಅಗ್ನಿಶಾಮಕ ವಾಹನಕ್ಕೆ ಬದಿಗೆ ಸರಿದು ದಾರಿ ಬಿಡದವನಿಗೆ 10,000 ರೂಪಾಯಿಗಳ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಈ ಕಲಮು ಹೇಳುವುದು ಓಡಿ ಬರುವ ವಾಹನದ ಮಾತು. ಬಂದು ನಿಂತು, ಕೆಳಗಿಳಿದವರ ಮಾತು ಅದರಲ್ಲಿಲ್ಲ.

ಲೆಕ್ಸಿಂಗ್ಟನ್ನಿನಿಂದ ಮುಂದೆ 26ನೆಯ ಹೆದ್ದಾರಿಯು ಮೆಲ್ಲಮೆಲ್ಲನೆ ಏರತೊಡಗುತ್ತದೆ. ಪೈನ್ ಮರಗಳ ಮೇಲೆ ನೀಲಿಯ ಬೆಟ್ಟಸಾಲು ಮೊದಲು ಮೋಡದಂತೆ, ಆಮೇಲೆ ಬೆಟ್ಟದಂತೆ ಕಾಣಿಸುತ್ತದೆ. ಸ್ಪಾರ್ಟನ್‌ಬರ್ಗ್ ಊರಿನ ಬದಿಯಿಂದ ಹಾದು ದಾರಿಯು ಉತ್ತರ ಕೆರೊಲಿನವನ್ನು ಹೊಗುತ್ತದೆ. ಕಡಿದಾದ ಏರಿನಲ್ಲಿ ಲಾರಿಗಳ ಉಸಿರು ಕಟ್ಟುತ್ತದೆ. ಕೆಟ್ಟ ವಾಹನಗಳನ್ನು ಎಳೆದೊಯ್ಯುವ ಲಾರಿಯವನು ಅಂಚಿನಲ್ಲಿ ಹಳದಿ ದೀಪ ಹಾಕಿಕೊಂಡು ಸರಪಳಿ ಬಿಗಿಯುತ್ತಿರುತ್ತಾನೆ. ಆರಂಭದಲ್ಲಿ ಹಲವು ರಾಜ್ಯಗಳ ಕಾನೂನು ಇವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಂಪು ನೀಲಿಗೆ ಇದ್ದ ಮರ್ಯಾದೆ ಹಳದಿಗೆ ಇರಲಿಲ್ಲ. ಇವನಂಥವರು ಸತ್ತ ಮೇಲೆ ಇವನೂ ಸೇರಿದನು. ಹಲವೆಡೆ ಕಸದ ಗಾಡಿಯವನೂ, ವಿದ್ಯುತ್ ತಂತಿ ಸರಿಪಡಿಸುವವನೂ ಸೇರಿದರು. ಹಿಂದೆ ದಾಟಿ ಬಂದ 95ನೆಯ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಫ್ಲಾರಿಡದಲ್ಲಿ 2024ರ ಜನವರಿ 1ರಿಂದ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಕೆಟ್ಟು ನಿಂತ ಯಾವ ವಾಹನವಾದರೂ ಸರಿ, ಅಪಾಯದ ದೀಪ ಮಿಂಚುತ್ತಿದ್ದರೆ ಸರಿದು ಹೋಗಬೇಕು. ದೀಪವೂ ಇಲ್ಲ, ಫಲಕವೂ ಇಲ್ಲವೆಂದಾದರೆ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನು ಕಣ್ಣಿಗೆ ಕಾಣುವಂತೆ ಇದ್ದರೂ ಸಾಕು.